ಕುಷ್ಟಗಿಯಿಂದ ಗಂಗಾವತಿಗೆ, ಸಂಜುವಿನ ತಲೆಯ ಚಿತ್ರಕ್ಕಾಗಿ

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಮೊದಲ ಬಸ್ಸಿನಲ್ಲಿ ಕೂತಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ನವೆಂಬರಿನ ಚಳಿಗೆ ಕಂಡಕ್ಟರ್ ಮಫ್ಲರ್ ಸುತ್ತಿಕೊಂಡಿದ್ದ. ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು, "ಕಾಲೇಜಿಗೆ ರಜಾ ಏನ್ರಿ ಮೇಡಂ?" ಎಂದು ಕೇಳಿದ. ಹೌದೆಂದೆ. ನಾನು ಯಲಬುರ್ಗಾದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. ರಜೆಯ ಕಾರಣವನ್ನು ಕಂಡಕ್ಟರಿಗೆ ಹೇಳಲಿಲ್ಲ, ಪ್ರಾಂಶುಪಾಲರಿಗೂ ಪೂರ್ತಿ ಹೇಳಿರಲಿಲ್ಲ.

ಕಾರಣ ಇಷ್ಟು. ಹಿಂದಿನ ಸಂಜೆ ಕುಷ್ಟಗಿಯಲ್ಲಿ ನನ್ನ ಅಕ್ಕನ ಮಗಳು ಸಂಜು ಹಾಲು ಕುಡಿಯುತ್ತಿದ್ದಾಗ ಬಲಗೈಯಿಂದ ಲೋಟ ಜಾರಿ ಬಿತ್ತು. ಅಕ್ಕ ಬೈದಳು. ಸಂಜು ಏನೋ ಹೇಳಹೋದಳು, ಮಾತು ತೊದಲಿತು. ಬಾಯಿಯ ಒಂದು ಅಂಚು ಕೆಳಗೆ ಸರಿದಿತ್ತು. ಸಂಜುವಿಗೆ ಆರು ವರ್ಷ. ಅಲ್ಲಿನ ವೈದ್ಯರು ಕೂಡಲೇ ಕೊಪ್ಪಳಕ್ಕೆ ಒಯ್ಯಿರಿ ಎಂದರು. ಅಕ್ಕನ ಅತ್ತೆ ಬಸಮ್ಮನವರು ಮಾತ್ರ, ಇದು ಲಕ್ವಾ, ನಾಳೆ ಗುರುವಾರ, ಲಕ್ವಾಕ್ಕೆ ನಾಟಿ ಔಷಧ ಕೊಡುವ ದಿನ, ಅಲ್ಲಿಗೇ ಹೋಗೋಣ ಎಂದರು. ಭಾವ ಬೀಜ-ಗೊಬ್ಬರದ ವ್ಯಾಪಾರಕ್ಕೆಂದು ವಿಜಯಪುರಕ್ಕೆ ಹೋಗಿದ್ದರು. ಅಕ್ಕ ನನಗೆ ಫೋನ್ ಮಾಡಿದಳು. ಅಷ್ಟೊತ್ತಿಗೆ ಬಸ್ಸಿರಲಿಲ್ಲ.

ದಾರಿ ಮೂವತ್ತು ಕಿಲೋಮೀಟರಿನ ಆಸುಪಾಸು. ಎರಡೂ ಬದಿ ಎರೆಹೊಲಗಳಲ್ಲಿ ಕಡಲೆ ಮೊಳಕಾಲುದ್ದವೂ ಎದ್ದಿರಲಿಲ್ಲ. ಕೈಯಲ್ಲಿದ್ದ ಫೋನನ್ನು ತೆಗೆಯುತ್ತಿದ್ದೆ, ಇಡುತ್ತಿದ್ದೆ. ಮಕ್ಕಳಿಗೂ ಪಾರ್ಶ್ವವಾಯು ಆಗುತ್ತದೆ ಎಂಬುದನ್ನು ಓದಿದೆ. ಮುಂದೆ ಓದಲು ಆಗಲಿಲ್ಲ, ಮುಚ್ಚಿದೆ, ಮತ್ತೆ ತೆರೆದೆ. ಪ್ರತಿ ನಿಲುಗಡೆಯಲ್ಲೂ ಹಾಲಿನ ಕ್ಯಾನುಗಳು ಹತ್ತುತ್ತಿದ್ದವು, ಇಳಿಯುತ್ತಿದ್ದವು. ಯಾರಿಗೂ ಅವಸರವಿರಲಿಲ್ಲ.

ಮನೆ ಮುಂದೆ ಬಾಡಿಗೆ ಕಾರು ನಿಂತಿತ್ತು. ಬಸಮ್ಮನವರು ಹೊಸ್ತಿಲಲ್ಲೇ ಇದ್ದರು. ಸೆರಗು ಬಿಗಿದು, ಪ್ರಯಾಣಕ್ಕೆ ತಯಾರು.

"ಬಾರವಾ, ಓದಿದಾಕಿ ಬಂದ್ಲು. ಇನ್ನ ಲಕ್ವಾ ಹೆದರಿ ಓಡಿಹೋಗತೈತಿ ನೋಡು" ಎಂದರು.

ಸಂಜು ಒಳಗೆ ಚಾಪೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ಎಡಗೆನ್ನೆ ನಕ್ಕಿತು, ಬಲಗೆನ್ನೆ ಸುಮ್ಮನಿತ್ತು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಬೇರೆ ಯಾರದೋ ವಸ್ತುವನ್ನು ಕಾಯುತ್ತಿರುವವಳಂತೆ. ಕೊರಳಲ್ಲಿ ಹೊಸ ತಾಯತವಿತ್ತು.

ಕಾರಿನ ಡ್ರೈವರ್ ಮೆಹಬೂಬ ಅದೇ ಓಣಿಯವನು. "ಅಮ್ಮಾರ, ಔಷಧದ ಊರೋ, ದವಾಖಾನಿಯೋ, ಮೊದಲ ಹೇಳ್ರಿ. ನನ್ನ ಗಾಡಿಗೆ ಎರಡೂ ಕಡಿ ಒಮ್ಮಿಗೆ ಹೋಗಾಕ ಬರಂಗಿಲ್ಲ" ಎಂದ.

"ಕೊಪ್ಪಳಕ್ಕ ನಡಿ. ಡಾಕ್ಟರ್ ಹೆಸರಿಗೆ ಒಂದು ಕೈ ಮುಗದು, ಅಲ್ಲಿಂದ ಔಷಧಕ್ಕ ಹೋಗೂಣು" ಎಂದರು ಬಸಮ್ಮ. ಅಷ್ಟಕ್ಕೆ ಒಪ್ಪಿಸಲು ಅಕ್ಕ ರಾತ್ರಿಯೆಲ್ಲ ಅತ್ತಿದ್ದಳು ಎಂದು ಅವಳ ಕಣ್ಣು ನೋಡಿ ತಿಳಿಯಿತು.

ಇರಕಲ್ಲಗಡದ ಮೇಲೆ ಹೋದೆವು. ಕುಷ್ಟಗಿಯಿಂದ ಕೊಪ್ಪಳಕ್ಕೆ ಐವತ್ತೈದು, ಅರವತ್ತು ಕಿಲೋಮೀಟರ್ ಆಗಬಹುದು. ಇರಕಲ್ಲಗಡದ ಗುಡ್ಡದ ಮೇಲೆ ಬಿಸಿಲು ಬಿದ್ದಾಗ ಮೆಹಬೂಬ ಚಹಾಕ್ಕೆ ನಿಲ್ಲಿಸಿದ. ಮಂಡಾಳ, ಮಿರ್ಚಿ ಬಜಿ. ನಾನು ಚಹಾ ಹಿಡಿದುಕೊಂಡೇ ಕಾರಿನ ಸುತ್ತ ಎರಡು ಸಲ ತಿರುಗಿದೆ. ಸಂಜು ನೀರು ಕೇಳಿದಳು, ಕುಡಿಸಿದಾಗ ಅರ್ಧ ಗಂಟಲಿಗಿಳಿಯದೆ ಫ್ರಾಕಿನ ಮೇಲೆ ಹರಿಯಿತು. ಬಸಮ್ಮ ಸೆರಗಿನಿಂದ ಒರೆಸಿ, "ಗಾಳಿ ಹಾದೈತಿ ಅಷ್ಟ. ನಮ್ಮ ಮಾವನಿಗೂ ಹಿಂಗ ಆಗಿತ್ತು. ಮೂರು ವಾರ ಔಷಧ ತೊಗೊಂಡ, ಗುದ್ದಲಿ ಹಿಡದು ಹೊಲಕ್ಕ ಹೋದ" ಎಂದರು. ಆ ಔಷಧಕ್ಕೊಂದು ನಿಯಮವಿದೆಯಂತೆ. ಇಂಗ್ಲಿಷ್ ಗುಳಿಗೆ, ಸೂಜಿ ಯಾವುದೂ ಮೈಗೆ ತಾಕಿರಬಾರದು. ಕೊಡುವುದು ಗುರುವಾರ ಮತ್ತು ಭಾನುವಾರ, ಹೊತ್ತು ನೆತ್ತಿಗೇರುವ ಮೊದಲು.

ಕೊಪ್ಪಳದಲ್ಲಿ ಮಕ್ಕಳ ವೈದ್ಯರ ಖಾಸಗಿ ದವಾಖಾನೆಗೆ ಹೋದೆವು. ವೈದ್ಯೆ ಇದೇ ಸೀಮೆಯವರು. ಸಂಜುವನ್ನು ಎದುರಿಗೆ ಕೂರಿಸಿಕೊಂಡು, "ಹುಬ್ಬು ಏರಿಸು ಪುಟ್ಟಿ, ಸಿಟ್ಟು ಬಂದಾಗ ನಿಮ್ಮ ಆಯಿ ಏರಸ್ತಾಳಲ್ಲ, ಹಂಗ" ಎಂದರು. ಸಂಜು ಎರಡೂ ಹುಬ್ಬು ಏರಿಸಿದಳು. ಅವಳ ಆಯಿ, ಅಜ್ಜಿ ಬಸಮ್ಮನವರೇ ನಕ್ಕರು. ವೈದ್ಯೆ ನಗಲಿಲ್ಲ.

"ಮುಖದ ನರ ಅಷ್ಟ ಹೋಗಿದ್ರ ಹಣಿನೂ ಏರತಿರ್ಲಿಲ್ಲ" ಎಂದು ನನ್ನ ಕಡೆ ನೋಡಿ ಹೇಳಿದರು. "ಹಣಿ ಛಲೋ ಐತಿ, ಬಾಯಿ ಜೋತೈತಿ, ಕೈ ಸೋತೈತಿ. ಇದು ಮಿದುಳಿನಿಂದ ಬಂದದ್ದು ಇರಬೇಕು." ಆಮೇಲೆ ಅಕ್ಕನನ್ನು ಕೇಳಿದರು: "ಇತ್ತೀಚಿಗೆ ಏನರ ಜಡ್ಡಾಗಿತ್ತೇನ್ರಿ? ಜ್ವರ, ಫಿಟ್ಸ್, ತಲಿಗೆ ಪೆಟ್ಟು? ಹೃದಯದ್ದು ಏನರ?"

ಅಕ್ಕ ಇಲ್ಲವೆಂದಳು. ಬಸಮ್ಮ, "ಏನೇನೂ ಇಲ್ರಿ, ಗುಂಡಕಲ್ಲು ಇದ್ದಂಗ ಇದ್ಳು" ಎಂದರು.

ಮೊದಲು ಸಿ.ಟಿ. ಆಯಿತು, ಬೇಗನೆ ಮುಗಿಯಿತು. ಅದರಲ್ಲಿ ಏನೂ ಕಾಣಲಿಲ್ಲ ಎಂದು ವೈದ್ಯೆ ಹೇಳಿದ ಕೂಡಲೇ ಬಸಮ್ಮ ಎದ್ದು ನಿಂತರು. "ಕೇಳಿದ್ರಿಲ್ಲೋ? ಮಿಷಿನ್ನ ಹೇಳ್ತು, ತಲಿಯಾಗ ಏನೂ ಇಲ್ಲಂತ. ನಡೀರಿ, ಹೊತ್ತೇರತೈತಿ."

"ಕುಂದರ್ರಿ ಅಮ್ಮಾರ" ಎಂದರು ವೈದ್ಯೆ. "ರಕ್ತ ಸೋರಿಲ್ಲ ಅನ್ನೋದು ಅಷ್ಟ ಗೊತ್ತಾತು. ರಕ್ತ ಹೋಗದ ಒಣಗಿದ ಜಾಗ ಮೊದಲನೇ ದಿನ ಇದರಾಗ ಕಾಣಾಕಿಲ್ಲ ಬಹಳ ಸಲ. ಎಂ.ಆರ್.ಐ. ಬೇಕು, ಇವತ್ತ ಬೇಕು. ಗಂಗಾವತಿಯಾಗ ಒಂದು ಸೆಂಟರಿನ್ಯಾಗ ಈಗ ಜಾಗ ಐತಿ, ಫೋನ್ ಮಾಡೀನಿ. ಹೋಗಿ ಬರ್ರಿ. ಅದು ನೋಡದ ನಾನು ಔಷಧ ಶುರು ಮಾಡಾಂಗಿಲ್ಲ."

ಹೊರಗೆ ಬಂದೆವು. ಬಿಸಿಲು ಚುರುಕಾಗಿತ್ತು. ಮೆಹಬೂಬ ಗಾಡಿಯನ್ನು ಹೆದ್ದಾರಿಯ ಕೂಡುರಸ್ತೆಗೆ ತಂದು ನಿಲ್ಲಿಸಿ, ಹಿಂದೆ ತಿರುಗಿ ನೋಡಿದ. ಮೂಡಣಕ್ಕೆ ಗಂಗಾವತಿ, ಪಡುವಣಕ್ಕೆ ಔಷಧದ ಹಳ್ಳಿ. ಬಸಮ್ಮ ಫೋನಿನಲ್ಲಿ ಮಗನಿಗೆ ಎಲ್ಲ ಹೇಳುತ್ತಿದ್ದರು. ಭಾವನ ದನಿ ಕಾರಿನೊಳಗೆಲ್ಲ ಕೇಳಿಸುತ್ತಿತ್ತು: "ಅವ್ವ, ನೀ ಹೆಂಗ ಹೇಳ್ತಿ ಹಂಗ. ನಾ ಸಂಜೀಕೆ ಕೊಪ್ಪಳಕ್ಕ ಬರತೀನಿ." ಅಕ್ಕ ಮಗಳ ಸೋತ ಕೈಯನ್ನು ತಿಕ್ಕುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಮನೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಕಡಿಮೆ ಕಂಡಿದ್ದೇನೆ.

ನಾನೂ ಬೇರೆಯವರ ಮನೆಯ ಮಾತಿನಲ್ಲಿ ಬಾಯಿ ಹಾಕುವವಳಲ್ಲ. ಆದರೂ ಹೇಳಿದೆ: "ಅತ್ತಿ, ಔಷಧ ಭಾನುವಾರನೂ ಕೊಡತಾರ. ಇವತ್ತು ಗಂಗಾವತಿಗೆ ಹೋಗೂಣು. ಅಲ್ಲಿ ಚಿತ್ರದಾಗ ಏನೂ ಕಾಣಲಿಲ್ಲ ಅಂದ್ರ, ಭಾನುವಾರ ನಾನ ಸಂಜೂನ ಕರಕೊಂಡು ನಿಮ್ಮ ಜೋಡಿ ಬರತೀನಿ. ಸಾಲಿನ್ಯಾಗ ನಾನ ನಿಂದರತೀನಿ."

"ನೀನು? ಔಷಧದ ಸಾಲಿನ್ಯಾಗ?"

"ಹೂಂ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಸುಳ್ಳು ಹೇಳುತ್ತಿರಲಿಲ್ಲ. ಚಿತ್ರ ಖಾಲಿಯಾಗಿಯೇ ಬರಲಿ ಎಂದು ಆಸೆಪಡಬೇಕೋ, ಏನಾದರೂ ಕಾಣಲಿ ಎಂದು ಬೇಡಬೇಕೋ ನನಗೇ ತಿಳಿದಿರಲಿಲ್ಲ. ಬಸಮ್ಮ ಮುಂದಿನ ಸೀಟಿಗೆ ಬಡಿದು, "ಹೊರಳಸಪಾ ಗಂಗಾವತಿಗೆ. ಇಕಿ ಸಾಲಿನ್ಯಾಗ ನಿಂತದ್ದು ನಾ ನೋಡಬೇಕು" ಎಂದರು.

ಕೊಪ್ಪಳದಿಂದ ಗಂಗಾವತಿಗೆ ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಗಿಣಿಗೇರಾ ದಾಟುವವರೆಗೆ ಕಾರ್ಖಾನೆಗಳ ಬೂದಿ ಗಿಡಗಳ ಮೇಲೆ ಕೂತಿತ್ತು. ಆಮೇಲೆ ನೆಲದ ಬಣ್ಣವೇ ಬದಲಾಯಿತು. ಕಾಲುವೆಯ ಸೀಮೆ. ಭತ್ತದ ಕೊಯ್ಲು ನಡೆದಿತ್ತು, ಯಂತ್ರಗಳು ಗದ್ದೆಯಲ್ಲಿ ದೂಳೆಬ್ಬಿಸುತ್ತಿದ್ದವು, ಕೊಯ್ದ ಕಡೆ ಬೆಳ್ಳಕ್ಕಿಗಳು ಇಳಿದಿದ್ದವು. ಮೊದಲ ಸಲ ನೋಡುವವರಿಗೆ ಒಂದೇ ಜಿಲ್ಲೆಯೆಂದು ನಂಬಿಕೆ ಬಾರದು. ಬಸಮ್ಮ ಹೊರಗೆ ನೋಡಿ, "ಇಷ್ಟು ನೀರ ಕಂಡ ಮಂದಿ ಹೆಂಗರ ನಿದ್ದಿ ಮಾಡತಾರೋ" ಎಂದರು. ಮೆಹಬೂಬ, "ಸೊಳ್ಳಿ ಬಿಡಂಗಿಲ್ರಿ ಅಮ್ಮಾರ" ಎಂದ. ನಾನು ಪ್ರತಿ ಕಿಲೋಮೀಟರ್ ಕಲ್ಲನ್ನೂ ಓದುತ್ತಿದ್ದೆ. ಟ್ರ್ಯಾಕ್ಟರ್ ಅಡ್ಡ ಬಂದಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಸ್ಕ್ಯಾನ್ ಸೆಂಟರ್ ಅಕ್ಕಿ ಗಿರಣಿಗಳ ರಸ್ತೆಯಲ್ಲಿತ್ತು. ಒಳಗೆ ಎ.ಸಿ.ಯ ತಂಪು, ಹೊರಗೆ ಹೊಟ್ಟಿನ ವಾಸನೆ. ಯಂತ್ರ ನಡೆಸುವ ತಂತ್ರಜ್ಞೆಯ ಮಾತಿನಲ್ಲಿ ಕನ್ನಡವೂ ತೆಲುಗೂ ಕಲೆತಿದ್ದವು. ಅವರು ಹೇಳಿದ್ದು ಇದು: ಯಂತ್ರವೆಂದರೆ ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಕೂಡದು. ಮಗು ಅಲುಗಾಡದೆ ಮಲಗಬೇಕು. ಅಲುಗಿದರೆ ನಿದ್ದೆ ಬರಿಸಬೇಕು, ನಿದ್ದೆ ಬರಿಸುವ ಡಾಕ್ಟರು ಬರುವುದು ನಾಳೆ. ಮನೆಯವರೊಬ್ಬರು ಒಳಗೆ ಪಕ್ಕದಲ್ಲಿ ಕೂರಬಹುದು.

ಸಂಜುವಿನ ತಾಯತ, ಬೆಳ್ಳಿ ಕಾಲ್ಗೆಜ್ಜೆ ಬಿಚ್ಚಿದ್ದಾಯಿತು. ಒಳಗೆ ಹೋಗಲು ಅಕ್ಕ ಎದ್ದಳು. ತಾಳಿ, ಕಾಲುಂಗುರ ತೆಗೆಯಬೇಕೆಂದು ತಿಳಿದಾಗ ಅಲ್ಲಿಯೇ ನಿಂತಳು. ಬಸಮ್ಮನ ಮುಖ ನೋಡಿದಳು.

"ಮಗಳು ಹಿಂಗ ಬಿದ್ದಿರುವಾಗ ತಾಳಿ ತಗೀತಾರೇನು?" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನೀನ ಹೋಗವಾ. ನಿನ್ನ ಮೈಮ್ಯಾಲೆ ಏನೈತಿ ತಗ್ಯಾಕ? ಎಷ್ಟು ಗಂಡು ಬಂದ್ರೂ ಒಲ್ಲೆ ಅಂದಿ, ಇವತ್ತರ ಉಪಯೋಗಕ್ಕ ಬಂತು" ಎಂದರು. ತಂತ್ರಜ್ಞೆ ನಗು ತಡೆದುಕೊಂಡರು. ನಾನು ಕಿವಿಯೋಲೆ, ಕೂದಲ ಕ್ಲಿಪ್ಪು, ವಾಚು, ದುಪಟ್ಟಾದ ಎರಡು ಪಿನ್ನು ತೆಗೆದು ಅಕ್ಕನ ಕೈಗೆ ಕೊಟ್ಟೆ.

ಸಂಜುವಿಗೆ ಅಲ್ಲಿನ ಅಂಗಿ ತೊಡಿಸುವಾಗ ಅವಳ ಬೆನ್ನಿನ ಮೇಲೆ ನಾಲ್ಕಾರು ಸಣ್ಣ ಕುಳಿಗಳು ಕಂಡವು. ಸೊಳ್ಳೆಗಾಯ ಕೆರೆದುಕೊಂಡಿದ್ದಾಳೆ ಎಂದುಕೊಂಡೆ.

ಮೊದಲ ಸಲ ಕೆಟ್ಟಿತು. ಸದ್ದು ಶುರುವಾದ ಕೂಡಲೇ ಅವಳು ತಲೆ ಹೊರಳಿಸಿದಳು. ತಂತ್ರಜ್ಞೆ ಗಾಜಿನಾಚೆಯಿಂದ ಕೈಯಾಡಿಸಿ ನಿಲ್ಲಿಸಿದರು. ಬಂದು, "ಇನ್ನೊಂದೇ ಸಲ ನೋಡೋಣ ಮೇಡಂ. ಆಗಲಿಲ್ಲ ಅಂದ್ರೆ ನಾಳೆ" ಎಂದರು. ನಾಳೆ ಎಂದರೆ ಬಸಮ್ಮ ಸಂಜುವನ್ನು ಇತ್ತ ಕಡೆ ಮತ್ತೆ ತರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಸಂಜುವಿನ ಕಿವಿಯ ಹತ್ತಿರ ಬಾಗಿದೆ. "ಈ ಸಪ್ಪಳ ಯಾವುದರದು ಹೇಳು?"

ಅವಳು ಯೋಚಿಸಿದಳು. "ಬೋರು" ಎಂದಳು ತೊದಲುತ್ತ. ಬೇಸಿಗೆಯಲ್ಲಿ ಅವರ ದಾಳಿಂಬೆ ತೋಟದಲ್ಲಿ ಕೊಳವೆಬಾವಿ ಕೊರೆಸಿದ್ದರು. ದಿನವೆಲ್ಲ ಬದುವಿನ ಮೇಲೆ ಕೂತು ನೋಡಿದ್ದಳು.

"ಬೋರು ಹೊಡಿವಾಗ ಮಕ್ಕಳು ಏನು ಮಾಡಬೇಕು?"

"ದೂರ ಕುಂದರಬೇಕು. ಅಲಗಬಾರದು. ಅಪ್ಪ ಬೈತಾನ."

"ಎಲ್ಲಿತನಾ?"

"ನೀರು ಬೀಳೋತನಾ."

ಕಿವಿಗೆ ಹತ್ತಿ ಇಟ್ಟು, ತಲೆಯ ಮೇಲೆ ಪಂಜರದಂಥ ಮುಚ್ಚಳ ಹಾಕಿದರು. ನಾನು ಅವಳ ಪಾದ ಹಿಡಿದು ಕೂತೆ. ಯಂತ್ರ ಕಟಕಟ ಎಂದಿತು, ಗುಂಯ್ ಎಂದಿತು, ನಿಂತಿತು, ಮತ್ತೆ ಹೊಡೆಯಿತು. ಆ ಯಂತ್ರ ಹುಡುಕುವುದೂ ನೀರನ್ನೇ. ಮಿದುಳಿನ ಜೀವಕೋಶಗಳಲ್ಲಿ ನೀರು ಓಡಾಡುತ್ತಿದೆಯೋ, ಸಿಕ್ಕಿಬಿದ್ದು ನಿಂತಿದೆಯೋ ಎಂದು. ರಕ್ತ ಸಿಗದೆ ಕೋಶಗಳು ಉಬ್ಬಿಕೊಂಡಲ್ಲಿ ನೀರು ಸಿಕ್ಕಿಕೊಳ್ಳುತ್ತದೆ, ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಇದನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಬಲ್ಲೆ. ಆದರೆ ಆ ಕೋಣೆಯಲ್ಲಿ ಆ ವಿದ್ಯೆಗೆ ಮಾಡಲು ಕೆಲಸವಿರಲಿಲ್ಲ. ಬಲಗಾಲಿನ ಬೆರಳುಗಳು ನನ್ನ ಅಂಗೈಯಲ್ಲಿ ತಣ್ಣಗಿದ್ದವು. ಎಡಗಾಲಿನವು ಒಮ್ಮೆ ಮಡಚಿ ಬಿಚ್ಚಿದವು. ತಲೆ ಅಲುಗಲಿಲ್ಲ.

ಸದ್ದು ನಿಂತಾಗ ಒಳಗಿನಿಂದ ದನಿ ಬಂತು: "ಚಿಗವ್ವ, ನೀರು ಬಿತ್ತೇನು?"

ಚಿತ್ರ ನೋಡಿದ ವೈದ್ಯರು ನಮ್ಮನ್ನು ಒಳಗೆ ಕರೆದರು. ನಡುವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಪರದೆಯ ಮೇಲೆ ಬೂದು ಬಣ್ಣದ ಮಿದುಳಿನ ಎಡಭಾಗದ ಆಳದಲ್ಲಿ ಹುಣಸೆಬೀಜದಷ್ಟು ಬಿಳುಪಿತ್ತು. ಅವರು ಬೆರಳಿಡುವ ಮೊದಲೇ ನನಗೆ ಕಂಡಿತು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು.

"ಇದು ಪಾರ್ಶ್ವವಾಯು. ನಿನ್ನೆ ಆಗಿದ್ದು" ಎಂದು ವೈದ್ಯರು ಇನ್ನೊಂದು ಚಿತ್ರ ತೆಗೆದರು. ಅದರಲ್ಲಿ ರಕ್ತನಾಳಗಳು ಮಾತ್ರ, ಎಲೆ ಉದುರಿದ ಗಿಡದಂತೆ. "ನೋಡ್ರಿ, ಬಲಗಡೆ ಕೊಂಬಿ ದಪ್ಪ ಐತಿ. ಎಡಗಡೆದು ಬುಡದಾಗ ಸಣ್ಣ ಆಗೈತಿ. ಕಾಲುವಿಯಾಗ ನೀರೈತಿ, ಹೊಲದ ತೂಬು ಕಟ್ಟೈತಿ. ಹಂಗ." ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದರು: "ಈ ವರ್ಷ ಮಗೂಗೆ ಚಿಕನ್ ಪಾಕ್ಸ್ ಆಗಿತ್ತೇನ್ರಿ?"

ಅಕ್ಕ ಅತ್ತೆಯನ್ನು ನೋಡಿದಳು. ಬಸಮ್ಮ, "ಇಲ್ರಿ" ಎಂದರು.

ನನಗೆ ಬೆನ್ನಿನ ಕುಳಿಗಳು ನೆನಪಾದವು. "ಅತ್ತಿ, ಸಂಜು ಬೆನ್ನ ಮ್ಯಾಲೆ ಕುಳಿ ಅದಾವಲ್ಲ, ಅವು ಯಾವಾಗಿನವು?"

"ಅವು ಜಡ್ಡಿನವಲ್ಲ."

"ಮತ್ತ?"

ಬಸಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ದನಿ ಇಳಿಯಿತು. "ಕಾರಹುಣ್ಣಿವಿ ಮುಂದ ಅಮ್ಮ ಬಂದು ಹೋಗ್ಯಾಳ. ಆಕಿ ಕುಂತ ಗುರುತು ಅವು. ಬೇವಿನ ತಪ್ಪಲ ಹಾಸಿ, ಎಡಿ ಹಿಡದು, ಮೂರು ನೀರು ಹಾಕಿ ಛಂದಾಗಿ ಕಳಿಸಿಕೊಟ್ಟೀವಿ. ಮನಿಗೆ ಬಂದ ತಾಯಿನ್ನ ಜಡ್ಡು ಅಂತಾರೇನ್ರಿ?"

ಕೊಪ್ಪಳದಲ್ಲಿ ವೈದ್ಯೆ ಕೇಳಿದಾಗ ಅವರಿಬ್ಬರೂ ಮುಚ್ಚಿಟ್ಟಿರಲಿಲ್ಲ. ಕೇಳಿದ್ದು ಜಡ್ಡಿನ ಬಗ್ಗೆ. ನಮ್ಮ ಕಡೆ ಅಮ್ಮ ಬಂದದ್ದನ್ನು ಯಾರೂ ಜಡ್ಡಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆ ಕರೆದರೆ ಆಕೆ ಸಿಟ್ಟಾಗಿ ಮರಳಿ ಬರುತ್ತಾಳೆ. ಐದು ತಿಂಗಳ ಹಿಂದೆ, ಆ ದಿನಗಳಲ್ಲಿ ಫೋನ್ ಮಾಡಿದ್ದ ನನಗೂ ಅಕ್ಕ ಹೇಳಿರಲಿಲ್ಲ.

"ಅನ್ನಬ್ಯಾಡ್ರಿ" ಎಂದರು ವೈದ್ಯರು, ತೀರ ಸಹಜವಾಗಿ. "ಯಾವಾಗ ಬಂದಿದ್ಲು ಅಷ್ಟ ಬೇಕಾಗಿತ್ತು ನನಗ. ಬಂದು ಹೋದ ಮ್ಯಾಲೆ ಕೆಲವು ತಿಂಗಳಿಗೆ, ಎಲ್ಲೋ ಒಂದು ಕೂಸಿಗೆ, ತಲಿಯ ರಕ್ತನಾಳ ಬಾತು ಹಿಂಗ ಸಣ್ಣ ಆಗತೈತಿ. ಇದಕ್ಕ ಔಷಧ ಐತಿ. ಆದ್ರ ಮುಂದಿನ ಕೆಲವು ವಾರದಾಗ ಇನ್ನೊಮ್ಮೆ ಆಗೋ ಭಯನೂ ಐತಿ. ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ, ಇವತ್ತ."

ಅವರು ಕೊಪ್ಪಳಕ್ಕೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಎಲ್ಲ ತಿಳಿಸಿದರು. ಬಸಮ್ಮ ಪರದೆಯ ಮೇಲಿನ ಬಿಳಿಯ ಬೀಜವನ್ನು ನೋಡುತ್ತ ಕೂತೇ ಇದ್ದರು. ಹೊರಡುವಾಗ ತಾಯತವನ್ನು ಮತ್ತೆ ಕಟ್ಟಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡರು.

ಮರಳಿ ಕೊಪ್ಪಳ. ಗಂಗಾವತಿಯಲ್ಲಿ ಪಾರ್ಸೆಲ್ ಕಟ್ಟಿಸಿದ ಇಡ್ಲಿ ಹಾಗೇ ಉಳಿಯಿತು, ಮೆಹಬೂಬನೊಬ್ಬ ತಿಂದ. ಅರ್ಧ ದಾರಿಯಲ್ಲಿ ಬಸಮ್ಮ ಒಮ್ಮೆ, "ನಾ ಅಮ್ಮನ್ನ ಕಳಿಸಿದ್ದರಾಗ ಏನರ ತಪ್ಪಾಗಿರಬೇಕು" ಎಂದರು. ನಾನು, "ಕಳಿಸಿದ್ದರಾಗ ತಪ್ಪಿಲ್ಲ ಅತ್ತಿ" ಎಂದೆ. ಕಾರು ವೇಗವಾಗಿ ಹೋಗುತ್ತಿತ್ತು, ನನಗೆ ಸಾಲದಾಗಿತ್ತು.

ಹೊತ್ತು ಇಳಿಯುವಾಗ ದವಾಖಾನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು, ಭಾವ ಬಂದಿದ್ದರು. ವೈದ್ಯೆ ಸಂಜುವಿಗೆ ಮೊದಲ ಗುಳಿಗೆ ಅರೆದು ತಾವೇ ನುಂಗಿಸಿದರು. ಆಂಬುಲೆನ್ಸಿನಲ್ಲಿ ಇಬ್ಬರಿಗೆ ಮಾತ್ರ ಜಾಗ, ಅಕ್ಕ ಮತ್ತು ಭಾವ ಹೋಗುವುದೆಂದಾಯಿತು. ವೈದ್ಯೆ ಅಕ್ಕನನ್ನು ಕರೆದು ಹೇಳಿದರು: "ನಾ ಎಲ್ಲಾ ತಿಳಿಸೀನಿ. ಆದ್ರೂ ಅಲ್ಲಿ ಒಬ್ಬರಾದ ಮ್ಯಾಲೆ ಒಬ್ಬರು ಡಾಕ್ಟರು ಬಂದು ತಾಯಿಗೇ ಕೇಳತಾರ. ಎಂದು ಗುಳ್ಳಿ ಎದ್ದವು, ಎಷ್ಟು ದಿನ ಇದ್ದವು, ಜ್ವರ ಎಷ್ಟಿತ್ತು. ಇಲ್ಲ ಅನ್ನಬ್ಯಾಡವಾ. ಹೇಳಬೇಕು."

ಅಕ್ಕ ತಲೆಯಾಡಿಸಿದಳು. ಆಂಬುಲೆನ್ಸಿನ ಮೆಟ್ಟಿಲ ಹತ್ತಿರ ಬಂದು ನಿಂತಳು. "ನನ್ನ ಬಾಯಾಗ ಹೆಂಗ ಬರತೈತಿ?" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. "ಅಮ್ಮ ಮತ್ತ ಸಿಟ್ಟಾದ್ರ? ಕೂಸಿನ ಮ್ಯಾಲೆ ಸಿಟ್ಟಾದ್ರ?" ನಾನು ಅವಳ ಕೈ ಹಿಡಿದುಕೊಂಡೆ. ಹೇಳಲು ನನ್ನಲ್ಲಿ ಇದ್ದದ್ದೆಲ್ಲ ಪುಸ್ತಕದ ಮಾತು, ಅವು ಅವಳ ಭಯದ ಹತ್ತಿರವೂ ಹೋಗುತ್ತಿರಲಿಲ್ಲ.

ಬಸಮ್ಮ ಹಿಂದೆಯೇ ನಿಂತಿದ್ದರು. ಕೇಳಿಸಿಕೊಂಡಿರಬೇಕು. ಮುಂದೆ ಬಂದು ಸೊಸೆಯ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಹೇಳು" ಎಂದರು. "ಯಾರ್ ಕೇಳಿದ್ರೂ ಹೇಳು. ಜಡ್ಡಾಗಿತ್ತು ಅಂತನ ಹೇಳು. ಅತ್ತಿ ಹೇಳಂದ್ಳು, ಅದಕ್ಕ ಅಂದೆ ಅಂತ ಆಕಿಗೂ ತಿಳಿಲಿ. ಸಿಟ್ಟು ಆಗೋದಿದ್ರ ನನ್ನ ಮ್ಯಾಲೆ ಆಗಲಿ. ನಾ ಮುದುಕಿ, ನನಗೇನು. ಹತ್ತು, ಗಾಡಿ ಹತ್ತು."

ಅಕ್ಕ ಹತ್ತಿದಳು. ಬಾಗಿಲು ಮುಚ್ಚಿತು. ಆಂಬುಲೆನ್ಸ್ ಗದಗ ರಸ್ತೆಗೆ ತಿರುಗಿ, ಲಾರಿಗಳ ನಡುವೆ ಅದರ ದೀಪ ಸ್ವಲ್ಪ ದೂರದವರೆಗೆ ಕಂಡು ಆಮೇಲೆ ಮರೆಯಾಯಿತು. ಮೆಹಬೂಬ ಕುಷ್ಟಗಿಗೆ ಹೋಗಲು ಗಾಡಿ ಚಾಲೂ ಮಾಡಿದ.

ಬಸಮ್ಮ ಕಾರಿನ ಕಡೆ ಬರಲಿಲ್ಲ. ರಸ್ತೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಆಂಬುಲೆನ್ಸ್ ಹೋದ ದಿಕ್ಕಿಗೆ ನಿಂತು, ಅಮ್ಮನ ಗುಡಿಯ ಮುಂದೆ ನಿಂತವರಂತೆ ಎರಡೂ ಕೈಯಿಂದ ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದರು. ಮೆಲ್ಲಗೆ, ಎಣಿಕೆಯಿಲ್ಲದೆ. ಹಿಂದಿನಿಂದ ಟ್ರ್ಯಾಕ್ಟರೊಂದು ಹಾರ್ನ್ ಹಾಕುತ್ತ ಬಂತು. ನಾನು ಅವರ ಚಪ್ಪಲಿಗಳನ್ನು ಬದಿಗೆ ಸರಿಸಿದೆ, ಅವರು ಮುಗಿಸುವವರೆಗೆ ಪಕ್ಕದಲ್ಲಿ ನಿಂತೆ.